ಭೇದಿಯಾದಾಗ ನೀರು ನಿಲ್ಲಿಸಬೇಡಿ

ಮಗುವಿಗೆ ಭೇದಿ ಶುರುವಾದರೆ "ನೀರು ಕುಡಿಸಿದಷ್ಟೂ ಹೆಚ್ಚಾಗುತ್ತದೆ" ಎಂದು ಅನೇಕ ಮನೆಗಳಲ್ಲಿ ನೀರು, ಹಾಲು ಎರಡನ್ನೂ ನಿಲ್ಲಿಸುತ್ತಾರೆ. ಕಣ್ಣು ಗುಳಿಬಿದ್ದ ಮೇಲೆ ಆಸ್ಪತ್ರೆಗೆ ತರುತ್ತಾರೆ. ಭೇದಿಯಲ್ಲಿ ಮಗುವಿನ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ನೀರು ಮತ್ತು ಲವಣದ ನಷ್ಟವೇ.

ದೊಡ್ಡವರ ಕರುಳಿಗೆ ದಿನಕ್ಕೆ ಸುಮಾರು 8-9 ಲೀಟರ್ ದ್ರವ ಇಳಿಯುತ್ತದೆ. ಕುಡಿದ ನೀರು ಅದರಲ್ಲಿ 2 ಲೀಟರಿನಷ್ಟು. ಉಳಿದದ್ದು ಜೊಲ್ಲು, ಜಠರರಸ, ಪಿತ್ತರಸ ಮುಂತಾದ ದೇಹದ್ದೇ ರಸಗಳು. ಆರೋಗ್ಯವಂತ ಕರುಳು ಇದನ್ನೆಲ್ಲ ಹೀರಿ ರಕ್ತಕ್ಕೆ ಮರಳಿಸುತ್ತದೆ. ಮಲದಲ್ಲಿ ಹೋಗುವುದು ಒಂದು ಲೋಟದಷ್ಟೂ ಇಲ್ಲ. ರೋಗಾಣು ಹೊಕ್ಕಾಗ ಈ ಲೆಕ್ಕ ತಪ್ಪುತ್ತದೆ.

ಕರುಳಿನಲ್ಲಿ ನೀರು ಉಪ್ಪಿನ ಬೆನ್ನು ಹತ್ತಿ ಹೋಗುತ್ತದೆ. ಭೇದಿಯಲ್ಲಿ ಉಪ್ಪು ಒಳಸೇರುವ ಒಂದು ದಾರಿ ಕೆಡುತ್ತದೆ. ಆದರೆ ಉಪ್ಪು, ಗ್ಲೂಕೋಸ್ ಜೊತೆಯಾಗಿ ಬಂದರೆ ತೆರೆಯುವ ಇನ್ನೊಂದು ಬಾಗಿಲಿದೆ. ಅದು ಕಾಲರಾದಲ್ಲೂ ಕೆಲಸ ಮಾಡುತ್ತದೆ. ಓ.ಆರ್.ಎಸ್. ಪುಡಿಯ ಗುಟ್ಟು ಇಷ್ಟೇ. 1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ ಸಲೈನ್ ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಈ ದ್ರಾವಣವನ್ನೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರಲ್ಲಿ ರೋಗಿಗಳ ಮನೆಯವರೇ ಹೆಚ್ಚು.

ಸಕ್ಕರೆ ಅತಿಯಾದರೆ ಮಾತ್ರ ಅದು ನೀರನ್ನು ಮತ್ತೆ ಕರುಳಿಗೇ ಎಳೆಯುತ್ತದೆ. ಆದ್ದರಿಂದ ಸೋಡಾ, ಡಬ್ಬಿಯ ಜ್ಯೂಸ್ ಬೇಡ. ಪೊಟ್ಟಣದ ಮೇಲೆ ಬರೆದಷ್ಟೇ (200 ಮಿ.ಲೀ. ಅಥವಾ 1 ಲೀಟರ್) ಕಾಯಿಸಿ ಆರಿಸಿದ ನೀರಿಗೆ ಇಡೀ ಪುಡಿಯನ್ನು ಒಮ್ಮೆಲೇ ಬೆರೆಸಿ, 24 ಗಂಟೆಯೊಳಗೆ ಬಳಸಿ. ಪೊಟ್ಟಣ ಸಿಗದಿದ್ದರೆ 1 ಲೀಟರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50-100 ಮಿ.ಲೀ., ದೊಡ್ಡ ಮಕ್ಕಳಿಗೆ 100-200 ಮಿ.ಲೀ. ಕೊಡಿ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಿಂದ ನಿಧಾನವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬಾರದು. ಗಂಜಿ, ಮೆತ್ತಗಿನ ಅನ್ನವೂ ನಡೆಯಲಿ. ಓ.ಆರ್.ಎಸ್. ಭೇದಿಯನ್ನು ತಕ್ಷಣ ನಿಲ್ಲಿಸುವುದಿಲ್ಲ. ಇದು ತಿಳಿಯದೆ "ಗುಣ ಕಾಣಲಿಲ್ಲ" ಎಂದು ಅರ್ಧಕ್ಕೇ ಬಿಡುವವರು ಬಹಳ. ವೈದ್ಯರು ಬರೆದುಕೊಟ್ಟ ಸತುವಿನ (ಜಿಂಕ್) ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಕೊಡಿ.

ಮಲದಲ್ಲಿ ರಕ್ತ, 6 ಗಂಟೆ ಮೂತ್ರವಿಲ್ಲ, ಮಗು ಮಂಕಾಗಿದೆ, ಕುಡಿಯುತ್ತಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಮರಳುತ್ತದೆ - ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆತನ್ನಿ. ಮಗು ಎಚ್ಚರವಿದ್ದು ನುಂಗುತ್ತಿದ್ದರೆ ದಾರಿಯಲ್ಲೂ ಚಮಚದಿಂದ ಕುಡಿಸುತ್ತಲೇ ಬನ್ನಿ.