ಡಂಪರ್ ಬೆಂಕಿ: ನಂದಿಸುವ ಮುನ್ನ ಎಂಜಿನ್ ನಿಲ್ಲಬೇಕು

ಗಣಿಗಳಲ್ಲಿ ಅದಿರು, ಕಲ್ಲಿದ್ದಲು ಸಾಗಿಸುವ ನೂರು ಟನ್ ಸಾಮರ್ಥ್ಯದ ಡಂಪರ್‌ಗೆ ಬೆಂಕಿ ಹತ್ತಿಕೊಂಡರೆ ಚಾಲಕನಿಗೆ ದೊರೆಯುವ ಕಾಲಾವಕಾಶ ಅತ್ಯಲ್ಪ. ಆತ ಕುಳಿತಿರುವ ಕ್ಯಾಬಿನ್ ನೆಲದಿಂದ ಒಂದು ಮಹಡಿಯಷ್ಟು ಎತ್ತರದಲ್ಲಿರುತ್ತದೆ. ಇಳಿಯುವ ಏಣಿ ಬಹುತೇಕ ವಾಹನಗಳಲ್ಲಿ ಎಂಜಿನ್‌ನ ಮಗ್ಗುಲಲ್ಲೇ ಇರುತ್ತದೆ. ಬೆಂಕಿ ಹುಟ್ಟುವುದೂ ಹೆಚ್ಚಾಗಿ ಅಲ್ಲಿಯೇ. ಕೈಯಲ್ಲಿ ಹಿಡಿಯುವ ಸಿಲಿಂಡರ್‌ನಿಂದ ಇಂಥ ಬೆಂಕಿಯನ್ನು ಎದುರಿಸುವುದು ದುಸ್ಸಾಹಸ. ಆದ್ದರಿಂದಲೇ ಬೆಂಕಿಯನ್ನು ತಾನೇ ಗುರುತಿಸಿ ತಾನೇ ನಂದಿಸುವ ಸ್ವಯಂಚಾಲಿತ ವ್ಯವಸ್ಥೆಯನ್ನು ಭಾರಿ ಯಂತ್ರಗಳಿಗೆ ಅಳವಡಿಸುವಂತೆ ಧನಬಾದ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಸೂಚಿಸುತ್ತ ಬಂದಿದೆ.

ಮೈಸೂರಿನ ಬೆಮೆಲ್ ಘಟಕದಲ್ಲಿ ಡಂಪರ್‌ಗಳೂ ಕೆಜಿಎಫ್ ಘಟಕದಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್‌ಗಳೂ ತಯಾರಾಗುತ್ತವೆ. ಸಂಡೂರಿನ ಅದಿರು ಗಣಿಗಳಲ್ಲಿ ಇಂಥ ಯಂತ್ರಗಳು ದುಡಿಯುತ್ತವೆ. ಹೀಗಾಗಿ ಈ ವಿಷಯ ಕರ್ನಾಟಕಕ್ಕೆ ದೂರದ್ದಲ್ಲ.

ಬೆಂಕಿ ಹುಟ್ಟುವುದೆಲ್ಲಿ?

ಕಾರಣ ಸರಳ. ದೊಡ್ಡ ಎಕ್ಸ್‌ಕವೇಟರ್‌ನ ಹೋಸ್ ಪೈಪುಗಳಲ್ಲಿ ಹೈಡ್ರಾಲಿಕ್ ಎಣ್ಣೆ 300 ಬಾರ್‌ನಷ್ಟು ಒತ್ತಡದಲ್ಲಿ ಹರಿಯುತ್ತದೆ. ಕಾರಿನ ಟಯರ್‌ನಲ್ಲಿರುವ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನೆದರೆ ಇದರ ಬಿರುಸು ಅರ್ಥವಾದೀತು. ಲೋಹಕ್ಕೆ ಉಜ್ಜಿ ಸವೆದ ಪೈಪೊಂದು ಸೂಜಿಮೊನೆಯಷ್ಟು ಬಾಯಿಬಿಟ್ಟರೂ ಎಣ್ಣೆ ಮಂಜಿನಂತೆ ಸಿಂಪಡಣೆಯಾಗುತ್ತದೆ. ಅದು ಟರ್ಬೊಚಾರ್ಜರ್‌ನ ಮೇಲೋ ಹೊಗೆಕೊಳವೆಯ ಮೇಲೋ ಬಿದ್ದರೆ ಕಿಡಿಯ ಅಗತ್ಯವೇ ಇಲ್ಲ. ಏರುದಾರಿಯಲ್ಲಿ ಹೊರೆ ಹೊತ್ತು ಸಾಗುವ ಡಂಪರ್‌ನ ಟರ್ಬೊ ಮೇಲ್ಮೈ 400 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಡೀಸೆಲ್ ತಾನಾಗಿ ಹೊತ್ತಿಕೊಳ್ಳುವ ತಾಪಮಾನವಾದರೋ 250 ಡಿಗ್ರಿಯ ಆಸುಪಾಸಿನಲ್ಲಿದೆ. ಸವೆದ ವಿದ್ಯುತ್ ತಂತಿಗಳದ್ದು ಎರಡನೆಯ ಕಾರಣ.

ಮನೆ, ಕಚೇರಿಗಳಲ್ಲಿ ಬಳಸುವ ಹೊಗೆ ಸಂವೇದಕ ಇಲ್ಲಿ ನಿರುಪಯುಕ್ತ. ಧೂಳು, ಡೀಸೆಲ್ ಹೊಗೆಗಳ ನಡುವೆ ಅದು ದಿನವಿಡೀ ಕೂಗುತ್ತಲೇ ಇರುತ್ತದೆ. ಬದಲಿಗೆ ಎಂಜಿನ್ ಸುತ್ತ ಶಾಖಕ್ಕೆ ಸ್ಪಂದಿಸುವ ತಂತಿಯನ್ನು ಹಾಯಿಸಲಾಗುತ್ತದೆ. ಅದರೊಳಗಿನ ಎರಡು ವಾಹಕಗಳ ನಡುವಿನ ಪ್ಲಾಸ್ಟಿಕ್ ಪದರ ನಿಗದಿತ ತಾಪಮಾನದಲ್ಲಿ ಕರಗಿದಾಗ ವಾಹಕಗಳು ಒಂದಕ್ಕೊಂದು ತಗುಲಿ ಸಂಕೇತ ಹೊರಡುತ್ತದೆ. ವಿದ್ಯುತ್ತೇ ಬೇಡದ ಇನ್ನೊಂದು ವಿಧಾನವೂ ಇದೆ. ಅನಿಲ ತುಂಬಿದ ತೆಳು ಕೊಳವೆ ಜ್ವಾಲೆ ತಗುಲಿದಲ್ಲಿ ಒಡೆದು, ಒತ್ತಡ ಕುಸಿದೊಡನೆ ಸಿಲಿಂಡರ್‌ನ ಕವಾಟ ತೆರೆದುಕೊಳ್ಳುತ್ತದೆ.

ತಂತಿಯ ತಾಪಮಾನ ಮಿತಿಯ ಆಯ್ಕೆ ನಾಜೂಕಿನ ಕೆಲಸ. ಮಿತಿ ಕಡಿಮೆಯಾದರೆ ಬೇಸಿಗೆಯ ಮಧ್ಯಾಹ್ನ ಬೆಂಕಿಯಿಲ್ಲದೆಯೇ ಪುಡಿ ಸಿಡಿದು ಕೆಲಸ ನಿಲ್ಲುತ್ತದೆ. ಎರಡು ಬಾರಿ ಹಾಗಾದರೆ ಮೂರನೆಯ ಬಾರಿಗೆ ಯಾರಾದರೂ ಸಂಪರ್ಕವನ್ನೇ ಕಿತ್ತುಹಾಕಿರುತ್ತಾರೆ. ಕೆಲಸಗಾರರ ವಿಶ್ವಾಸ ಕಳೆದುಕೊಂಡ ಯಂತ್ರ ಇದ್ದೂ ಇಲ್ಲದಂತೆ.

ಪುಡಿಯೋ, ದ್ರವವೋ?

ಮೋನೊ ಅಮೋನಿಯಂ ಫಾಸ್ಫೇಟ್ ಆಧಾರಿತ ಒಣ ಪುಡಿ ಜ್ವಾಲೆಯನ್ನು ಕ್ಷಣಾರ್ಧದಲ್ಲಿ ಅಡಗಿಸುತ್ತದೆ. ಆದರೆ ಲೋಹವನ್ನು ತಂಪಾಗಿಸುವುದಿಲ್ಲ. ಪುಡಿ ಚದುರಿದ ಬಳಿಕವೂ ಎಣ್ಣೆ ಸೋರುತ್ತಿದ್ದರೆ ಕಾದ ಟರ್ಬೊ ಮತ್ತೆ ಬೆಂಕಿ ಹಚ್ಚುತ್ತದೆ. ನೀರು ಆಧಾರಿತ ದ್ರವ ತಂಪಾಗಿಸುತ್ತದೆಯಾದರೂ ಮೂಲೆಮೂಲೆಗೆ ಪುಡಿಯಷ್ಟು ಸಲೀಸಾಗಿ ನುಗ್ಗದು. ಹೀಗಾಗಿ ದೊಡ್ಡ ಯಂತ್ರಗಳಲ್ಲಿ ಎರಡನ್ನೂ ಜೋಡಿಸುವ ಪದ್ಧತಿಯಿದೆ. ದ್ರವದಲ್ಲೂ ಫ್ಲೋರಿನ್ ಬೆರೆತ ನೊರೆಗಳು ನೀರು, ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆಂಬ ಕಾರಣಕ್ಕೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ 2018ರಲ್ಲೇ ಅವುಗಳನ್ನು ನಿಷೇಧಿಸಿತು.

ಆದರೆ ಯಾವ ರಾಸಾಯನಿಕವೂ ಓಡುತ್ತಿರುವ ಎಂಜಿನ್‌ನ ಮುಂದೆ ಸೋಲುತ್ತದೆ. ರೇಡಿಯೇಟರ್ ಫ್ಯಾನ್ ಪುಡಿಯನ್ನು ಹೊರಕ್ಕೆ ತೂರುತ್ತದೆ. ಪಂಪು ಒಡೆದ ಪೈಪಿಗೆ ಎಣ್ಣೆ ಉಣಿಸುತ್ತಲೇ ಇರುತ್ತದೆ. ಆದ್ದರಿಂದ ಬೆಂಕಿ ಪತ್ತೆಯಾದೊಡನೆ ಎಂಜಿನ್ ನಿಲ್ಲಬೇಕು. ವಿನ್ಯಾಸಕಾರರಿಗೆ ನಿಜವಾದ ಇಕ್ಕಟ್ಟು ಎದುರಾಗುವುದು ಇಲ್ಲಿಯೇ. ಹೊರೆ ತುಂಬಿದ ಡಂಪರ್ ಇಳಿಜಾರಿನಲ್ಲಿರುವಾಗ ಎಂಜಿನ್ ಏಕಾಏಕಿ ನಿಂತರೆ ಸ್ಟೀರಿಂಗ್‌ಗೆ ಬೇಕಾದ ಪಂಪಿನ ಬಲವೂ ನಿಲ್ಲುತ್ತದೆ. ಒತ್ತಡ ಸಂಗ್ರಹಿಸಿಟ್ಟ ಅಕ್ಯುಮುಲೇಟರ್‌ಗಳು ತುರ್ತು ಸ್ಟೀರಿಂಗ್, ಬ್ರೇಕ್‌ಗಳಿಗೆ ನೆರವಾಗುತ್ತವೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಬೆಂಕಿಯಿಂದ ಪಾರಾದ ಚಾಲಕ ಕಂದಕಕ್ಕೆ ಉರುಳಿದರೆ ಪ್ರಯೋಜನವೇನು?

ಹಾಗಾಗಿ ಮೊದಲು ಕ್ಯಾಬಿನ್‌ನಲ್ಲಿ ದೀಪ ಬೆಳಗಿ ಗಂಟೆ ಮೊಳಗುತ್ತದೆ. ವಾಹನವನ್ನು ಬದಿಗೆ ತಂದು ಬ್ರೇಕ್ ಹಾಕಲು ಕೆಲವು ಸೆಕೆಂಡುಗಳ ಬಿಡುವು ದೊರೆಯುತ್ತದೆ. ಬಳಿಕ ಎಂಜಿನ್ ನಿಲ್ಲುತ್ತದೆ, ಅನಂತರ ನಾಜಲ್‌ಗಳು ತೆರೆಯುತ್ತವೆ. ಈ ಬಿಡುವು ಎಷ್ಟಿರಬೇಕೆಂಬುದಕ್ಕೆ ಎಲ್ಲ ಯಂತ್ರಗಳಿಗೂ ಒಪ್ಪುವ ಒಂದೇ ಅಂಕಿ ಇಲ್ಲ. ಗಣಿಯ ಇಳಿಜಾರು, ವಾಹನದ ತೂಕ, ವೇಗಗಳನ್ನು ನೋಡಿಯೇ ನಿರ್ಧರಿಸಬೇಕು. ಒಂದೆಡೆ ನಿಂತೇ ಕೆಲಸ ಮಾಡುವ ಎಕ್ಸ್‌ಕವೇಟರ್‌ಗೆ ಡಂಪರ್‌ನಷ್ಟು ಬಿಡುವು ಬೇಕಿಲ್ಲ. ಚಲಿಸುವ ಯಂತ್ರಗಳ ಅಗ್ನಿ ರಕ್ಷಣೆಗಾಗಿ ಆಸ್ಟ್ರೇಲಿಯಾ ರೂಪಿಸಿದ ಎಎಸ್ 5062 ಮಾನದಂಡ ಸಿಲಿಂಡರ್ ಅಳವಡಿಸುವುದಕ್ಕೂ ಮೊದಲು ಯಂತ್ರದ ಅಪಾಯ ಪರಿಶೀಲನೆಗೆ ಒತ್ತು ಕೊಡುವುದು ಇಂಥ ಕಾರಣಕ್ಕಾಗಿಯೇ.

ಕೈಯಿಂದ ಒತ್ತುವ ಗುಂಡಿಯೂ ಬೇಕು. ಒಂದು ಚಾಲಕನ ಕೈಗೆಟಕುವಂತೆ, ಇನ್ನೊಂದು ನೆಲದ ಮೇಲೆ ನಿಂತವರಿಗೆ ಸಿಗುವಂತೆ. ವಾಹನದ ಬ್ಯಾಟರಿ ಸುಟ್ಟರೂ ಕೆಲಸ ಮಾಡುವಂತೆ ವ್ಯವಸ್ಥೆಗೆ ಪ್ರತ್ಯೇಕ ಬ್ಯಾಟರಿ ಇಡಲಾಗುತ್ತದೆ. ನಾಜಲ್‌ಗಳಿಗೆ ಧೂಳು ಕಟ್ಟದಂತೆ ಮುಚ್ಚಳವಿರುತ್ತದೆ. ಒತ್ತಡ ಬಂದಾಗ ಅದು ತಾನೇ ಹಾರಿಹೋಗುತ್ತದೆ. ತೊಳೆಯುವಾಗ ಕಳಚಿದ ಮುಚ್ಚಳವನ್ನು ಮರಳಿ ಹಾಕದಿದ್ದರೆ ಕೆಸರು ಗಟ್ಟಿಯಾಗಿ ನಾಜಲ್ ಬಾಯಿ ಮುಚ್ಚುತ್ತದೆ. ಪಾಳಿ ಆರಂಭದ ತಪಾಸಣೆಯಲ್ಲಿ ಸಿಲಿಂಡರ್‌ನ ಒತ್ತಡದ ಮುಳ್ಳಿನ ಜೊತೆಗೆ ಈ ಮುಚ್ಚಳಗಳನ್ನೂ ನೋಡಬೇಕು.

ಟಯರ್ ಬೆಂಕಿ ಮಾತ್ರ ಈ ವ್ಯವಸ್ಥೆಯ ಅಳವಿಗೆ ಮೀರಿದ್ದು. ಅತಿಯಾಗಿ ಕಾದ ಟಯರ್‌ನೊಳಗೆ ರಬ್ಬರ್ ವಿಘಟಿಸಿ ದಹನಶೀಲ ಅನಿಲ ಶೇಖರವಾಗುತ್ತದೆ. ಹೊರಗಿನ ಜ್ವಾಲೆ ಆರಿ ಗಂಟೆಗಳ ನಂತರವೂ ಅದು ಸಿಡಿಯಬಲ್ಲದು. ಅಂಥ ಡಂಪರ್‌ನ ಬಳಿಗೆ ನಂದಿಸಲೆಂದೂ ಯಾರೂ ಹೋಗುವಂತಿಲ್ಲ. ನೂರಾರು ಮೀಟರ್ ದೂರದವರೆಗೆ ಜನರನ್ನು ತೆರವುಗೊಳಿಸಿ, ಟಯರ್ ಪೂರ್ಣ ತಣಿಯುವವರೆಗೆ ಕಾಯಬೇಕಾಗುತ್ತದೆ.