ಮುಚ್ಚಿದ್ದು ನಿಜ, ಲಾಕ್ ಆಯಿತೇ?

ಕಾರಿನ ಡಿಕ್ಕಿ ಬಾಗಿಲನ್ನು ಕೈಯಿಂದ ಮುಟ್ಟದೆ, ಬಂಪರಿನ ಅಡಿಯಲ್ಲಿ ಕಾಲಾಡಿಸಿ ತೆರೆಯುವ ಏರ್ಪಾಡು ಮೊದಲಿಗೆ ಜರ್ಮನಿಯ ದುಬಾರಿ ಕಾರುಗಳ ಬೆಡಗಾಗಿತ್ತು. 2012ರ ಸುಮಾರಿಗೆ ಫೋರ್ಡ್ ಕಂಪನಿ ಅದನ್ನು ಕೂಗಾ ಮತ್ತು ಎಸ್ಕೇಪ್ ಮಾದರಿಗಳಲ್ಲಿ ಅಳವಡಿಸಿ ಮಧ್ಯಮ ದರದ ಕಾರುಗಳಿಗೂ ಇಳಿಸಿತು. ಭಾರತದಲ್ಲಿ 2023ರ ಅಕ್ಟೋಬರಿನಲ್ಲಿ ಹೊಸ ರೂಪ ತಳೆದ ಟಾಟಾ ಹ್ಯಾರಿಯರ್ ಮತ್ತು ಸಫಾರಿ, 2024ರ ಕರ್ವ್, 2025ರ ಮಾರುತಿ ವಿಕ್ಟೋರಿಸ್ ಮುಂತಾದ ಕಾರುಗಳ ಮೇಲ್ದರ್ಜೆಯ ಮಾದರಿಗಳೊಂದಿಗೆ ಇದು ಸಾಮಾನ್ಯ ಕುಟುಂಬಗಳ ಮನೆಯಂಗಳಕ್ಕೂ ಬಂದಿದೆ. ಹೀಗಾಗಿ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಆಸುಪಾಸಿನಲ್ಲಾಗಲಿ, ತಿ. ನರಸೀಪುರದ ತ್ರಿವೇಣಿ ಸಂಗಮದ ದಡದಲ್ಲಾಗಲಿ, ಎರಡೂ ಕೈಯಲ್ಲಿ ಬ್ಯಾಗು ಹಿಡಿದು ಕಾರಿನ ಹಿಂದೆ ಮತ್ತೆ ಮತ್ತೆ ಕಾಲು ಬೀಸುತ್ತಿರುವವರು ಕಣ್ಣಿಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಹಳೆಯ ಕಾರುಗಳಲ್ಲಿ ಡಿಕ್ಕಿಯನ್ನು ಒತ್ತಿ ಮುಚ್ಚಿ ಕೀ ತಿರುಗಿಸಿದರೆ ಬಾಗಿಲು ಮುಚ್ಚಿದ್ದೂ ಬೀಗ ಬಿದ್ದದ್ದೂ ಕೈಗೇ ಗೊತ್ತಾಗುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ತೆರೆಯುವುದು, ಮುಚ್ಚುವುದು ಮತ್ತು ಲಾಕ್ ಆಗುವುದು ಮೂರು ಬೇರೆ ಬೇರೆ ಕ್ರಿಯೆಗಳಾಗಿದ್ದು, ಪ್ರತಿಯೊಂದಕ್ಕೂ ಕಂಪ್ಯೂಟರು ತನ್ನದೇ ಷರತ್ತುಗಳನ್ನು ಹಾಕುತ್ತದೆ. ಮೊದಲನೆಯದಕ್ಕೆ ಎಂಜಿನಿಯರುಗಳು ಪಟ್ಟ ಶ್ರಮದ ಅರ್ಧದಷ್ಟನ್ನೂ ಮೂರನೆಯದಕ್ಕೆ ಪಟ್ಟಂತೆ ಕಾಣುವುದಿಲ್ಲ. ಮಾಲೀಕರ ಕಿರಿಕಿರಿಯ ಮೂಲ ಬಹುಮಟ್ಟಿಗೆ ಇಲ್ಲಿದೆ.

ವ್ಯವಸ್ಥೆಯ ಮೊದಲ ಕೊಂಡಿ ಜೇಬಿನಲ್ಲಿರುವ ಸ್ಮಾರ್ಟ್ ಕೀ. ಕಾರಿನ ಹಿಂಬದಿಯಲ್ಲಿ, ಬಾಗಿಲ ಹಿಡಿಗಳಲ್ಲಿ ಮತ್ತು ಒಳಗೆ ಅಡಗಿಸಿಟ್ಟ ಆಂಟೆನಾಗಳು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಕಡಿಮೆ ಆವರ್ತನದ ಸಂಕೇತವನ್ನು ಹೊರಡಿಸುತ್ತವೆ. ಅದರ ವ್ಯಾಪ್ತಿ ಒಂದು ಮೀಟರಿಗಿಂತ ಹೆಚ್ಚೇನೂ ಇರದಂತೆ ಬೇಕೆಂದೇ ಮಿತಗೊಳಿಸಲಾಗಿರುತ್ತದೆ. ಆ ಸಂಕೇತ ತಾಗಿದೊಡನೆ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿಯ ಬಲದಿಂದ ಕೀ ಎಚ್ಚೆತ್ತು, 433 ಮೆಗಾಹರ್ಟ್ಸ್‌ನಂತಹ ಹೆಚ್ಚಿನ ಆವರ್ತನದಲ್ಲಿ ಗುಪ್ತಸಂಕೇತದ ಮೂಲಕ ತನ್ನ ಗುರುತನ್ನು ಹೇಳಿಕೊಳ್ಳುತ್ತದೆ. ಕೀ ಕಾರಿನ ಒಳಗಿದೆಯೋ ಹೊರಗಿದೆಯೋ, ಹೊರಗಿದ್ದರೆ ಚಾಲಕನ ಬಾಗಿಲ ಬಳಿಯಿದೆಯೋ ಡಿಕ್ಕಿಯ ಬಳಿಯಿದೆಯೋ ಎಂಬುದನ್ನು ಯಾವ ಆಂಟೆನಾದ ಸಂಕೇತ ಎಷ್ಟು ಬಲವಾಗಿ ತಲುಪಿತು ಎಂಬುದರಿಂದ ಕಾರು ಅಂದಾಜು ಮಾಡುತ್ತದೆ. ಅಂದಾಜು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಅದೇ ಜೇಬಿನಲ್ಲಿ ಮೊಬೈಲು ಇದ್ದರೆ, ಕೀಯನ್ನು ಸ್ಟೀಲ್ ಡಬ್ಬಿಯ ಪಕ್ಕಕ್ಕೆ ತುರುಕಿದ್ದರೆ, ಇಲ್ಲವೇ ಅದರ ಬ್ಯಾಟರಿ ಸೊರಗಿದ್ದರೆ ಆ ಲೆಕ್ಕ ತಪ್ಪಬಹುದು.

ಎರಡನೆಯ ಕೊಂಡಿ ಬಂಪರಿನೊಳಗಿನ ಸೆನ್ಸರು. ಹೆಚ್ಚಿನ ಕಾರುಗಳಲ್ಲಿ ಇದು ಧಾರಕತೆಯನ್ನು, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಗುಣವನ್ನು ಅಳೆಯುವ ಎರಡು ಉದ್ದನೆಯ ವಾಹಕ ಪಟ್ಟಿಗಳಿಂದ ಆಗಿರುತ್ತದೆ. ಮನುಷ್ಯನ ದೇಹ ವಿದ್ಯುದ್ವಾಹಕವಾದ್ದರಿಂದ ಮೊಣಕಾಲಿನ ಕೆಳಭಾಗ ಮೇಲಿನ ಪಟ್ಟಿಯ ಬಳಿಗೂ ಪಾದ ಕೆಳಗಿನ ಪಟ್ಟಿಯ ಬಳಿಗೂ ಬಂದಾಗ ಎರಡರಲ್ಲೂ ಸೂಕ್ಷ್ಮ ಏರಿಕೆ ಕಾಣಿಸಿಕೊಳ್ಳುತ್ತದೆ. ಸರಿಸುಮಾರು ಒಂದು ಸೆಕೆಂಡಿನೊಳಗೆ ಅದು ಏರಿ ಇಳಿದರೆ ಮಾತ್ರ ಕಂಪ್ಯೂಟರು ಅದನ್ನು ಉದ್ದೇಶಪೂರ್ವಕ ಸನ್ನೆಯೆಂದು ಒಪ್ಪುತ್ತದೆ. ಕಾಲನ್ನು ಅಡ್ಡಡ್ಡಲಾಗಿ ಬೀಸಿದರೆ, ಬಂಪರಿನಡಿ ಹಾಗೆಯೇ ಹಿಡಿದು ನಿಂತರೆ ಅಥವಾ ಪಟ್ಟಿ ಇರುವ ಜಾಗ ಬಿಟ್ಟು ಮೂಲೆಯಲ್ಲಿ ಆಡಿಸಿದರೆ ಫಲವಿಲ್ಲ. ಹ್ಯುಂಡೈ ಟೂಸಾನ್‌ನಂತಹ ಕಾರುಗಳು ಕಾಲಿನ ಗೊಡವೆಯನ್ನೇ ಬಿಟ್ಟು, ಎಲ್ಲ ಬಾಗಿಲೂ ಲಾಕ್ ಆಗಿರುವಾಗ ಕೀ ಹೊತ್ತವರು ಡಿಕ್ಕಿಯ ಹಿಂದೆ ಸುಮಾರು 3 ಸೆಕೆಂಡು ನಿಂತರೆ ಸಾಕೆಂಬ ನಿಯಮ ಮಾಡಿಕೊಂಡಿವೆ. ಅಲ್ಲಿನ ತೊಡಕು ಬೇರೆ ಬಗೆಯದು: ಜೇಬಿನಲ್ಲಿ ಕೀ ಇಟ್ಟುಕೊಂಡು ಕಾರಿನ ಹಿಂಬದಿ ಒರೆಸುತ್ತ ನಿಂತವರಿಗೂ, ಅಲ್ಲೇ ನಿಂತು ಹರಟುವವರಿಗೂ ಬಾಗಿಲು ತಾನಾಗಿ ಏಳುತ್ತದೆ.

ನೀರು ಈ ಸೆನ್ಸರಿಗೆ ದೊಡ್ಡ ಗೊಂದಲ. ಬಂಪರಿನ ಮೇಲೆ ಹರಿಯುವ ನೀರು ಧಾರಕತೆಯನ್ನು ಏರಿಳಿಸುವುದರಿಂದ ಕಾರು ತೊಳೆಯುವಾಗ ಕೀಯನ್ನು ದೂರವಿಡಬೇಕೆಂದು ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ. ಇಲ್ಲವಾದರೆ ಪೈಪಿನ ನೀರೇ ಕಾಲಿನ ಸನ್ನೆಯಂತೆ ಕಂಡು ಡಿಕ್ಕಿ ತೆರೆದು ಒಳಗಿದ್ದದ್ದೆಲ್ಲ ನೆನೆಯಬಹುದು. ಕೆಸರು ಮೆತ್ತಿಕೊಂಡರೆ ಇದಕ್ಕೆ ವಿರುದ್ಧವಾಗಿ ಸೂಕ್ಷ್ಮತೆ ಕುಗ್ಗುತ್ತದೆ. ಕಪಿಲಾ ಮತ್ತು ಕಾವೇರಿ ನಾಲೆಗಳ ನೀರುಣ್ಣುವ ನರಸೀಪುರದ ಗದ್ದೆ ಬಯಲಿನಲ್ಲಿ ನಾಟಿಯ ಕಾಲಕ್ಕೆ ಓಡಾಡುವ ಕಾರಿನ ಹಿಂಬಂಪರು ಯಾವ ಸ್ಥಿತಿಯಲ್ಲಿರುತ್ತದೆಂಬುದನ್ನು ಸ್ಥಳೀಯರಿಗೆ ವಿವರಿಸಬೇಕಾಗಿಲ್ಲ. ಹಿಂಬದಿಗೆ ಕಬ್ಬಿಣದ ಗಾರ್ಡ್ ಹಾಕಿಸಿಕೊಂಡವರ ಪಾಡು ಇನ್ನೂ ಕಷ್ಟ, ಏಕೆಂದರೆ ಆ ಲೋಹವೇ ಪಟ್ಟಿಗೂ ಕಾಲಿಗೂ ನಡುವೆ ಅಡ್ಡಬರುತ್ತದೆ.

ಸನ್ನೆಯ ಕಲ್ಪನೆಯಲ್ಲಿಯೇ ಒಂದು ಊಹೆ ಅಡಗಿದೆ: ಬಳಸುವವರು ಪ್ಯಾಂಟು, ಶೂ ತೊಟ್ಟು, ಒಣಗಿದ ಸಮತಟ್ಟಾದ ನೆಲದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲಬಲ್ಲವರು ಎಂಬುದು. ಸ್ನಾನಘಟ್ಟದಿಂದ ಒದ್ದೆ ಸೀರೆಯಲ್ಲಿಯೋ ಪಂಚೆಯಲ್ಲಿಯೋ ಮೇಲೆ ಬಂದು, ಒಂದು ಕಂಕುಳಲ್ಲಿ ಹಿಂಡಿದ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದವರು ನೆರಿಗೆ ಬಿಟ್ಟಷ್ಟೇ ದೂರ ಕಾಲೆತ್ತಬಲ್ಲರು. ನೀರಿಳಿಯುವ ನೆಲದ ಮೇಲೆ ಜಾರುವ ಅಪಾಯವೂ ಕಡಿಮೆಯೇನಲ್ಲ. ಕೈ ತುಂಬಿದವರಿಗಾಗಿಯೇ ರೂಪಿಸಿದ ಸೌಲಭ್ಯ ಕೈ ನಿಜವಾಗಿ ತುಂಬಿದ್ದಾಗಲೇ ಕೈಕೊಡುತ್ತದೆ.

ಬಾಗಿಲನ್ನು ಎತ್ತಿ ಇಳಿಸುವ ಭಾಗ ಮಾತ್ರ ಮೆಚ್ಚತಕ್ಕದ್ದೇ. ಪಕ್ಕದ ಗ್ಯಾಸ್ ರಾಡಿನ ಜಾಗದಲ್ಲಿ ಸ್ಪಿಂಡಲ್ ಎಂಬ ಕೊಳವೆಯಿದ್ದು, ಅದರೊಳಗೆ ಪುಟ್ಟ ಮೋಟಾರು, ಗೇರು, ತಿರುಪಿನ ಎಳೆಯಿರುವ ಕಂಬಿ ಮತ್ತು ಭಾರ ಹೊರುವ ಸ್ಪ್ರಿಂಗು ಇರುತ್ತವೆ. ಮೋಟಾರು ಎಷ್ಟು ಸುತ್ತು ತಿರುಗಿತೆಂದು ಕಾಂತೀಯ ಸೆನ್ಸರು ಎಣಿಸುತ್ತಿರುವುದರಿಂದ ಬಾಗಿಲು ಎಷ್ಟು ಎತ್ತರದಲ್ಲಿದೆಯೆಂಬುದು ಕಾರಿಗೆ ಗೊತ್ತಿರುತ್ತದೆ. ಇಳಿಯುವಾಗ ಕೈಯೋ ತಲೆಯೋ ಅಡ್ಡಬಂದು ಪ್ರತಿರೋಧ ಹೆಚ್ಚಿದರೆ ಅದು ನಿಂತು ಹಿಂದಕ್ಕೆ ಏಳುತ್ತದೆ. ನಂಜನಗೂಡು ರಸಬಾಳೆಯ ಗೊನೆಯ ತುದಿ ಒಂದು ಬೆರಳಿನಷ್ಟು ಹೊರಚಾಚಿದ್ದರೂ ಬಾಗಿಲು ಮುಚ್ಚದೆ ಮೇಲೇಳುವುದು ಇದೇ ಕಾರಣಕ್ಕೆ. ಗೊನೆಗೂ ಕೂಸಿನ ಕೈಗೂ ವ್ಯತ್ಯಾಸ ತಿಳಿಯದ ಯಂತ್ರ ಹಾಗೆ ಮಾಡುವುದೇ ಕ್ಷೇಮ.

ಕೊನೆಯಲ್ಲಿ ಬಾಗಿಲು ಚೌಕಟ್ಟನ್ನು ಮುಟ್ಟಿದಾಗ ಲಾಚ್, ಅಂದರೆ ಕೊಕ್ಕೆಯಂತಹ ಚಿಲಕ, ಎರಡು ಹಂತದಲ್ಲಿ ಹಿಡಿಯುತ್ತದೆ: ಮೊದಲು ಅರ್ಧ, ಆಮೇಲೆ ಪೂರ್ತಿ. ಅನೇಕ ಕಾರುಗಳಲ್ಲಿ ಅರ್ಧ ಹಿಡಿದದ್ದನ್ನು ಪೂರ್ತಿಗೆ ಎಳೆಯಲು ಇನ್ನೊಂದು ಮೋಟಾರು ಇರುತ್ತದೆ. ಕೊಕ್ಕೆಯಲ್ಲಿ ಬಾಳೆನಾರು, ಹೂವಿನ ಎಸಳು, ಒದ್ದೆ ಟವೆಲಿನ ಅಂಚು ಸಿಕ್ಕಿದರೆ ಎರಡನೆಯ ಹಂತ ತಲುಪದೆ ಉಳಿಯಬಹುದು. ಹೊರಗಿನಿಂದ ನೋಡಿದರೆ ಬಾಗಿಲು ಮುಚ್ಚಿದಂತೆಯೇ ಇರುತ್ತದೆ. ಕಾರಿನ ಲೆಕ್ಕದಲ್ಲಿ ಅದು ಇನ್ನೂ ತೆರೆದಿದೆಯಾದ್ದರಿಂದ ಲಾಕ್ ಆಜ್ಞೆ ತಿರಸ್ಕೃತವಾಗುತ್ತದೆ, ಇಲ್ಲವೇ ಉಳಿದ ಬಾಗಿಲುಗಳಷ್ಟೇ ಲಾಕ್ ಆಗುತ್ತವೆ.

ಹೀಗೆ ಎಲ್ಲವೂ ಸರಿಯಾಗಿ ನಡೆದರೂ ಮುಚ್ಚಿದ್ದು ಲಾಕ್ ಆಗಿದೆಯೆಂದು ತಿಳಿಯುವಂತಿಲ್ಲ. ಅನೇಕ ಕಾರುಗಳಲ್ಲಿ, ಲಾಕ್ ಆಗಿರುವ ಕಾರಿನ ಡಿಕ್ಕಿಯೊಂದನ್ನೇ ಕಾಲಿನ ಸನ್ನೆಯಿಂದ ತೆರೆದರೆ ಉಳಿದ ಬಾಗಿಲುಗಳು ಲಾಕ್ ಆಗಿಯೇ ಉಳಿದು, ಮುಚ್ಚಿದ ಮೇಲೆ ಡಿಕ್ಕಿಯೂ ಲಾಕ್ ಆಗುತ್ತದೆ. ಅದೇ ಕಾರನ್ನು ಮೊದಲು ರಿಮೋಟಿನಿಂದ ಅನ್‌ಲಾಕ್ ಮಾಡಿ ಆಮೇಲೆ ಡಿಕ್ಕಿ ತೆರೆದಿದ್ದರೆ, ಮುಚ್ಚಿದ ಮೇಲೂ ಐದು ಬಾಗಿಲುಗಳು ಲಾಕ್ ಇಲ್ಲದೆ ಉಳಿಯುತ್ತವೆ. ಅನ್‌ಲಾಕ್ ಮಾಡಿ ಯಾವ ಬಾಗಿಲನ್ನೂ ತೆರೆಯದಿದ್ದರೆ ಅರ್ಧ ನಿಮಿಷದಲ್ಲಿ ತಾನಾಗಿ ಲಾಕ್ ಆಗುವ ವ್ಯವಸ್ಥೆಯೂ ಡಿಕ್ಕಿ ಒಮ್ಮೆ ತೆರೆದೊಡನೆ ರದ್ದಾಗುವುದುಂಟು. ಕೊನೆಯಲ್ಲಿ ಕಣ್ಣಿಗೆ ಕಾಣುವ ಕ್ರಿಯೆ ಒಂದೇ, ಬಾಗಿಲು ಇಳಿದು ಮುಚ್ಚಿಕೊಂಡದ್ದು. ಫಲ ಮಾತ್ರ ಹೇಗೆ ತೆರೆದಿತ್ತೆಂಬುದರ ಮೇಲೆ ನಿಂತಿರುತ್ತದೆ, ಅದನ್ನು ನೆನಪಿಟ್ಟುಕೊಳ್ಳುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆ. ಕೆಲವು ತಯಾರಕರು ಡಿಕ್ಕಿಯ ಅಂಚಿನಲ್ಲಿ ಎರಡು ಗುಂಡಿಗಳನ್ನಿಟ್ಟು, ಒಂದು ಮುಚ್ಚಲು, ಇನ್ನೊಂದು ಮುಚ್ಚಿ ಎಲ್ಲವನ್ನೂ ಲಾಕ್ ಮಾಡಲು ಎಂದು ವಿಂಗಡಿಸಿದ್ದಾರೆ. ಅಗ್ಗದ್ದೂ ವಿವೇಕದ್ದೂ ಆದ ಪರಿಹಾರ ಅದೇ ಆಗಿದ್ದರೂ ಎಲ್ಲ ಕಾರುಗಳಲ್ಲಿ ಅದು ಇಲ್ಲ.

ಅನುಮಾನ ಬಂದವರು ಸಹಜವಾಗಿಯೇ ಹಿಂದಕ್ಕೆ ಬಂದು ಡಿಕ್ಕಿಯ ಗುಂಡಿ ಒತ್ತಿ ಪರೀಕ್ಷಿಸುತ್ತಾರೆ. ಜೇಬಿನ ಕೀಯನ್ನು ಗುರುತಿಸಿದ ಕಾರು ಆಗ ಬಾಗಿಲನ್ನು ವಿನಯದಿಂದ ತೆರೆದುಬಿಡುತ್ತದೆ. ಲಾಕ್ ಆಗಿರಲಿಲ್ಲವೋ, ಆಗಿದ್ದದ್ದು ಈಗ ತೆರೆಯಿತೋ ಎಂಬುದು ತಿಳಿಯದೆ ಮತ್ತೆ ಮುಚ್ಚಬೇಕು, ಮತ್ತೆ ಅನುಮಾನಪಡಬೇಕು. ಕೀ ಹೊತ್ತವರಿಂದ ಈ ಪರೀಕ್ಷೆ ಸಾಧ್ಯವೇ ಇಲ್ಲ. ಕೀಯನ್ನು ಜೊತೆಗಾರರ ಕೈಗೆ ಕೊಟ್ಟು ನಾಲ್ಕೈದು ಮೀಟರ್ ದೂರ ನಿಲ್ಲಿಸಿ ಗುಂಡಿ ಒತ್ತಿದರೆ ಮಾತ್ರ ಉತ್ತರ ನಂಬುವಂತಿರುತ್ತದೆ.

ನದಿಯ ಊರುಗಳಲ್ಲಿ ಇದಕ್ಕಿಂತ ತೀಕ್ಷ್ಣವಾದ ಪ್ರಶ್ನೆ ಕೀಯನ್ನು ಎಲ್ಲಿಡಬೇಕೆಂಬುದು. ಹಳೆಯ ಲೋಹದ ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಕಪಿಲೆಯಲ್ಲಿ ಮುಳುಗಿ ಏಳಬಹುದಿತ್ತು. ಸರ್ಕ್ಯೂಟೂ ಬ್ಯಾಟರಿಯೂ ಇರುವ ಸ್ಮಾರ್ಟ್ ಕೀಗೆ ಆ ಭಾಗ್ಯವಿಲ್ಲ. ಬಟ್ಟೆ, ಪರ್ಸುಗಳೊಂದಿಗೆ ಅದನ್ನೂ ಡಿಕ್ಕಿಯಲ್ಲೇ ಇಟ್ಟು ಮುಚ್ಚೋಣವೆಂದರೆ, ಕೀ ಒಳಗಿರುವುದನ್ನು ಕಂಡ ಕಾರು ಬೀಪ್ ಸದ್ದು ಮಾಡಿ ಬಾಗಿಲನ್ನು ಮತ್ತೆ ತೆರೆಯುತ್ತದೆ ಅಥವಾ ಲಾಕ್ ಮಾಡಲು ನಿರಾಕರಿಸುತ್ತದೆ. ಮಾಲೀಕರು ಕೀಯನ್ನು ಮರೆತು ಹೊರಗುಳಿಯದಿರಲೆಂಬ ಸದುದ್ದೇಶ ಇದರ ಹಿಂದಿದೆ. ಆದರೆ ಲೋಹದ ಪಾತ್ರೆಗಳ ನಡುವೆ ಸಿಕ್ಕಿಕೊಂಡ ಕೀ ಕಾರಿಗೆ ಕಾಣದೆ ಹೋಗಿ, ಬಾಗಿಲು ಲಾಕ್ ಆಗಿ, ಕುಟುಂಬವೆಲ್ಲ ಒದ್ದೆ ಬಟ್ಟೆಯಲ್ಲಿ ಹೊರಗೆ ನಿಲ್ಲುವ ಸಂಭವವನ್ನೂ ಅಲ್ಲಗಳೆಯುವಂತಿಲ್ಲ. ಇಬ್ಬರಲ್ಲಿ ಒಬ್ಬರು ದಡದ ಮೇಲೆ ಕೀ ಹಿಡಿದು ಕೂರುವ ಹಳೆಯ ಪದ್ಧತಿಗೆ ಬದಲಿ ಹೆಚ್ಚಿನ ಕಾರುಗಳಲ್ಲಿ ಇನ್ನೂ ಇಲ್ಲ.

ಲಾಕ್ ಆದದ್ದನ್ನು ಕಾರು ಸಾಮಾನ್ಯವಾಗಿ ತಿಳಿಸುವುದು ಇಂಡಿಕೇಟರಿನ ಮಿನುಗು, ಹಾರ್ನಿನ ಸಣ್ಣ ಸದ್ದು ಮತ್ತು ಮಡಚಿಕೊಳ್ಳುವ ಕನ್ನಡಿಗಳ ಮೂಲಕ. ಐದು ತೇರುಗಳು ಹೊರಡುವ ನಂಜನಗೂಡಿನ ದೊಡ್ಡ ಜಾತ್ರೆಯ ಜನಜಂಗುಳಿಯಲ್ಲಿ, 1989ರಲ್ಲಿ ಆರಂಭವಾಗಿ 2025ರ ಫೆಬ್ರವರಿ 10ರಿಂದ 12ರವರೆಗೆ ಮತ್ತೆ ನಡೆದ ನರಸೀಪುರದ ಕುಂಭಮೇಳದಂತಹ ಸಂದರ್ಭದಲ್ಲಿ, ಧ್ವನಿವರ್ಧಕಗಳ ನಡುವೆ ಆ ಸದ್ದು ಯಾರಿಗೂ ಕೇಳಿಸದು. ಬಿಸಿಲಿನಲ್ಲಿ ಮಿನುಗೂ ಮಂಕು. ಕನ್ನಡಿ ಮಡಚಿತೇ ಎಂದು ನೋಡುವುದೊಂದೇ ಅಲ್ಲಿ ನೆಚ್ಚಬಹುದಾದ ಗುರುತು. ಕೀ ದೂರವಾದೊಡನೆ ತಾನೇ ಲಾಕ್ ಆಗುವ ಸೌಲಭ್ಯವನ್ನು ನಂಬಿ ಹೊರಡುವವರು, ಡಿಕ್ಕಿ ಇನ್ನೂ ಇಳಿಯುತ್ತಿರುವಾಗಲೇ ಬೆನ್ನು ತಿರುಗಿಸಿದರೆ ಅದು ಕೆಲಸ ಮಾಡದಿರಬಹುದು, ಏಕೆಂದರೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಕೀ ದೂರ ಸರಿಯಬೇಕೆಂಬುದು ಅದರ ಷರತ್ತು.

ಅರ್ಧ ಮುಚ್ಚಿದ ಡಿಕ್ಕಿಯ ದೀಪ ರಾತ್ರಿಯಿಡೀ ಉರಿದು ಕಾರಿನ 12 ವೋಲ್ಟ್ ಬ್ಯಾಟರಿ ಇಳಿದರೆ ತೊಂದರೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಸ್ಮಾರ್ಟ್ ಕೀಯೊಳಗೆ ಅಡಗಿರುವ ಲೋಹದ ಪುಟ್ಟ ಕೀ ಚಾಲಕನ ಬಾಗಿಲನ್ನು ತೆರೆಯಬಲ್ಲದು. ಆದರೆ ಇಂತಹ ಬಹುತೇಕ ಡಿಕ್ಕಿಗಳಿಗೆ ಕೀ ತೂತೇ ಇಲ್ಲದ್ದರಿಂದ ಹಿಂದಿನ ಸೀಟು ಮಡಚಿ ತೆವಳಿ ಹೋಗಿ ಒಳಗಿನ ತುರ್ತು ಹಿಡಿಯನ್ನು ಹುಡುಕಬೇಕು. ಬ್ಯಾಟರಿ ಬದಲಾಯಿಸಿದ ಮೇಲೆ ಮೋಟಾರಿನ ಎಣಿಕೆ ಅಳಿಸಿಹೋಗಿರುವುದರಿಂದ ಬಾಗಿಲನ್ನು ಒಮ್ಮೆ ಕೈಯಿಂದ ಪೂರ್ತಿ ಮುಚ್ಚಿ ಸೊನ್ನೆಯ ಸ್ಥಾನವನ್ನು ಮತ್ತೆ ಕಲಿಸಬೇಕಾಗುತ್ತದೆ. ಇದು ಗೊತ್ತಿಲ್ಲದೆ ಮೋಟಾರೇ ಕೆಟ್ಟಿತೆಂದು ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದ ಮೈಸೂರಿನ ಸರ್ವಿಸ್ ಸೆಂಟರಿಗೆ ಓಡುವುದು ವ್ಯರ್ಥ ಖರ್ಚು. ಸ್ಪಿಂಡಲ್ ನಿಜವಾಗಿ ಕೆಟ್ಟರೆ ಊರ ಮೆಕ್ಯಾನಿಕ್ ಬಿಚ್ಚಿ ದುರಸ್ತಿ ಮಾಡುವ ವಸ್ತು ಅದಲ್ಲ, ಇಡಿಯಾಗಿಯೇ ಬದಲಾಯಿಸಬೇಕು. ಕಾರುಗಳ ಎಲೆಕ್ಟ್ರಾನಿಕ್ಸ್‌ಗೂ ಬಳಕೆಯಾಗುವ ಸರ್ಕ್ಯೂಟ್ ಬೋರ್ಡ್‌ಗಳನ್ನು ತಯಾರಿಸುವ, ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಾರ್ಖಾನೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿಯೇ ಇರುವಾಗ, ಅಂತಹ ಬೋರ್ಡು ಕೆಟ್ಟ ಕಾರನ್ನು ಸರಿಪಡಿಸಲು ಅದೇ ಊರಿನಿಂದ ಹೊರಗೆ ಹೋಗಬೇಕಾಗಿರುವುದು ಇಂದಿನ ಕೈಗಾರಿಕೆಯ ವಿಚಿತ್ರಗಳಲ್ಲೊಂದು.

ಹೆಚ್ಚಿನ ಕಾರುಗಳ ಪರದೆಯ ಸೆಟ್ಟಿಂಗಿನಲ್ಲಿ ಕಾಲಿನ ಸನ್ನೆಯನ್ನು ಮಾತ್ರ ನಿಷ್ಕ್ರಿಯಗೊಳಿಸಿ, ಮೋಟಾರನ್ನು ಗುಂಡಿಯ ಮೂಲಕ ಬಳಸುವ ಅವಕಾಶವಿದೆ. ತಗಡಿನ ಶೆಡ್ಡಿನ ತೊಲೆಗೆ ತಾಗದಂತೆ ಬಾಗಿಲು ಏಳುವ ಎತ್ತರವನ್ನು ಮಿತಗೊಳಿಸುವ ಸೌಲಭ್ಯವೂ ಅನೇಕ ಕಾರುಗಳಲ್ಲಿದೆ. ಘಟ್ಟದ ಬಳಿ ನಿಲ್ಲಿಸುವವರಿಗೆ ಇಳಿಯುವ ಮೊದಲೇ ಸನ್ನೆಯನ್ನು ನಿಷ್ಕ್ರಿಯಗೊಳಿಸಿ, ಮೊದಲು ಡಿಕ್ಕಿ ಮುಚ್ಚಿ, ಆಮೇಲೆ ಚಾಲಕನ ಬಾಗಿಲ ಬಳಿಗೆ ಬಂದು ಅದರ ಹಿಡಿಯ ಗುಂಡಿಯಿಂದ ಲಾಕ್ ಮಾಡಿ, ಕನ್ನಡಿ ಮಡಚುವವರೆಗೆ ಅಲ್ಲೇ ನಿಲ್ಲುವ ಕ್ರಮ ಸದ್ಯಕ್ಕೆ ಸಾಕು. ಅಂಗಡಿಗಳಲ್ಲಿ ಪ್ರತ್ಯೇಕವಾಗಿ ಸಿಗುವ ಪವರ್ ಡಿಕ್ಕಿ ಕಿಟ್ಟನ್ನು ಹಳೆಯ ಕಾರಿಗೆ ಹಾಕಿಸುವವರಿಗೆ ಈ ಕ್ರಮವೂ ಪೂರ್ತಿ ಒದಗುವುದಿಲ್ಲ, ಏಕೆಂದರೆ ಅಂತಹ ಕಿಟ್ಟು ಕಾರಿನ ಮೂಲ ಲಾಕ್ ವ್ಯವಸ್ಥೆಯೊಂದಿಗೆ ಎಷ್ಟರಮಟ್ಟಿಗೆ ಹೊಂದಿಕೊಳ್ಳುತ್ತದೆಂಬುದು ವೈರು ಜೋಡಿಸಿದವರ ಕೈಚಳಕಕ್ಕೆ ಬಿಟ್ಟದ್ದು, ವೈರು ಕತ್ತರಿಸಿ ಜೋಡಿಸಿದ ಭಾಗಕ್ಕೆ ಕಂಪನಿಯ ವಾರಂಟಿ ನಿರಾಕರಿಸಲ್ಪಡುವ ಸಾಧ್ಯತೆಯೂ ಇದೆ.