ಸಾಸಿವೆ ಕಾಳಿನಷ್ಟು ಹೃದಯ!

ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ಮೂಡುಬಿದಿರೆಯಿರಲಿ, ಗರ್ಭಿಣಿಗೆ ಐದನೆಯ ತಿಂಗಳು ಬಂತೆಂದರೆ ವೈದ್ಯರು ಸ್ಕ್ಯಾನಿಂಗಿಗೆ ಬರೆದುಕೊಡುತ್ತಾರೆ. ಮಗುವಿನ ಹೃದಯದ ಬಗ್ಗೆ ಸಂಶಯ ಬಂದರೆ ಹೆಚ್ಚಿನ ತಪಾಸಣೆಗೆ ಮಂಗಳೂರಿನ ಬಸ್ಸು ಹತ್ತಬೇಕು. ಆದರೆ ಆಗ ಪರದೆಯ ಮೇಲೆ ಕಾಣುವುದು ಆಗಲೇ ಕಟ್ಟಿ ಮುಗಿದ ಹೃದಯ. ಅದು ಮಿಡಿಯತೊಡಗುವುದು ಗರ್ಭ ಕಟ್ಟಿದ ಸುಮಾರು 22ನೆಯ ದಿನಕ್ಕೆ. ನಾಲ್ಕು ಕೋಣೆಗಳು ರೂಪುಗೊಳ್ಳುವುದು ಸುಮಾರು ಎಂಟು ವಾರಗಳೊಳಗೆ. ಎಷ್ಟೋ ತಾಯಂದಿರಿಗೆ ತಾವು ಬಸುರಿ ಎಂದು ತಿಳಿಯುವ ಮೊದಲೇ ಈ ಕೆಲಸ ಶುರುವಾಗಿರುತ್ತದೆ!

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಹೃದಯದ ದೋಷವಿರುತ್ತದೆ. ಆ ಮೊದಲ ವಾರಗಳಲ್ಲಿ ಎಲ್ಲಿ ಎಡವಟ್ಟಾಗುತ್ತದೆ? ತಾಯಿಯ ಒಡಲೊಳಗೆ ದಿನದಿನವೂ ಇಣುಕುವಂತಿಲ್ಲ. ಇಲಿಯನ್ನು ನೋಡಿ ಎಲ್ಲವನ್ನೂ ತಿಳಿಯುವಂತೆಯೂ ಇಲ್ಲ. ಅದರ ಹೃದಯ ನಿಮಿಷಕ್ಕೆ 500 ಬಾರಿ ಬಡಿಯುತ್ತದೆ.

ದಾರಿ ತೆರೆದವರು ಜಪಾನಿನ ಶಿನ್ಯಾ ಯಮನಾಕ. ಮನುಷ್ಯನ ಚರ್ಮದ ಜೀವಕೋಶವನ್ನು ಯಾವ ಅಂಗವಾದರೂ ಆಗಬಲ್ಲ ಆಕರ ಕೋಶವಾಗಿ ಬದಲಿಸಬಹುದೆಂದು 2007ರಲ್ಲಿ ಅವರ ತಂಡ ತೋರಿಸಿತು. 2012ರಲ್ಲಿ ಅವರಿಗೆ ನೊಬೆಲ್ ಬಂತು. 2021ರಲ್ಲಿ ವಿಯೆನ್ನಾದ ಸಾಶಾ ಮೆಂಜನ್ ಮತ್ತು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಐತೊರ್ ಅಗಿರೆ ಅವರ ತಂಡಗಳು ಇಂಥ ಕೋಶಗಳಿಂದ ಸಾಸಿವೆ ಕಾಳಿನಷ್ಟು ದೊಡ್ಡ ಹೃದಯದ ಮಾದರಿಗಳನ್ನು ಬೆಳೆಸಿದವು. ಇವುಗಳ ಹೆಸರು ಆರ್ಗನಾಯ್ಡ್. ಒಳಗೆ ಪೊಳ್ಳು ಕೋಣೆಗಳಿವೆ, ತಾವಾಗಿಯೇ ಮಿಡಿಯುತ್ತವೆ. ಹಾಗೆಂದು ಇವು ಪೂರ್ಣ ಹೃದಯವಲ್ಲ. ರೋಗಿಯ ಎದೆಗೆ ಜೋಡಿಸಲು ಬಾರವು.

ಬೆಳೆಸಿದ್ದಾಯಿತು, ಒಳಗೆ ನೋಡುವುದು ಹೇಗೆ? ಕೊಯ್ದು ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಡುವುದು ಹಳೆಯ ಕ್ರಮ. ಅಲ್ಲಿಗೆ ಆ ಪುಟ್ಟ ಹೃದಯದ ಕತೆ ಮುಗಿಯಿತು. ನಾಳೆ ಅದು ಹೇಗಾಗುತ್ತಿತ್ತೆಂದು ತಿಳಿಯದು. ಇಲ್ಲಿ ನೆರವಿಗೆ ಬಂದದ್ದು ಓಸಿಟಿ ಎಂಬ ಉಪಕರಣ. 1991ರಲ್ಲಿ ಬೆಳಕಿಗೆ ಬಂದ ಈ ವಿಧಾನ ನಮ್ಮವರಿಗೂ ಹೊಸದಲ್ಲ. ಸಕ್ಕರೆ ಕಾಯಿಲೆಯವರ ಕಣ್ಣಿನ ಅಕ್ಷಿಪಟಲವನ್ನು ವೈದ್ಯರು ಪರೀಕ್ಷಿಸುವುದು ಇದರಿಂದಲೇ. ಗರ್ಭಿಣಿಯ ಸ್ಕ್ಯಾನಿಂಗಿನಲ್ಲಿ ಶಬ್ದದ ಅಲೆ ಮರಳಿ ಬಂದು ಚಿತ್ರ ಮೂಡಿಸಿದರೆ, ಇಲ್ಲಿ ಆ ಕೆಲಸ ಬೆಳಕಿನದು. ಕೊಯ್ಯಬೇಕಿಲ್ಲ, ಬಣ್ಣ ಬೇಕಿಲ್ಲ.

ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಚಾವೊ ಝೌ ಅವರ ತಂಡ ಅಗಿರೆ ತಂಡದೊಡನೆ ಸೇರಿ ಹೃದಯದ ಮಾದರಿಗಳ ಬೆಳವಣಿಗೆಯನ್ನು ಹೀಗೆಯೇ ಹಿಂಬಾಲಿಸಿತು. ನಾಲ್ಕನೆಯ ದಿನಕ್ಕೇ ಒಳಗೆ ಪೊಳ್ಳುಗಳು ಮೂಡಿ ಒಂದಕ್ಕೊಂದು ಕೂಡಿಕೊಳ್ಳುತ್ತಿದ್ದುದು ಕಂಡಿತು. ಕ್ಯಾಲ್ಸಿಯಂ ಏರಿಳಿತವನ್ನು ಚಿತ್ರಿಸುವ ಇನ್ನೊಂದು ವಿಧಾನದಿಂದ ಮಿಡಿತದ ಲಯವೂ ಸಿಕ್ಕಿತು.

ಇದರಿಂದ ನಮಗೇನು ಎಂದು ಕೇಳಬಹುದು. ಅಗಿರೆ ತಂಡ ಕೆಲವು ಮಾದರಿಗಳನ್ನು ಸಕ್ಕರೆ ಕಾಯಿಲೆಯ ತಾಯಿಯ ಒಡಲನ್ನು ಹೋಲುವಂತೆ ಹೆಚ್ಚು ಗ್ಲೂಕೋಸ್, ಇನ್ಸುಲಿನ್ ಇರುವ ದ್ರವದಲ್ಲಿ ಬೆಳೆಸಿತು. ಅವು ಗಾತ್ರದಲ್ಲಿ ದೊಡ್ಡದಾದವು. ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳು ಕಡಿಮೆಯಾದವು. ಗರ್ಭ ಧರಿಸುವ ಮೊದಲೇ ಸಕ್ಕರೆ ಕಾಯಿಲೆಯಿದ್ದು ಹತೋಟಿಯಲ್ಲಿಲ್ಲದಿದ್ದರೆ ಮಗುವಿನ ಹೃದಯಕ್ಕೆ ಅಪಾಯ ಹೆಚ್ಚೆಂದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಏಕೆ ಹೀಗಾಗುತ್ತದೆಂದು ಹುಡುಕಲು ಈಗ ಒಂದು ಕಿಂಡಿ ಸಿಕ್ಕಿದೆ.

ಈ ಸಂಶೋಧನೆ ಮದ್ದಾಗಿ ನಮ್ಮೂರ ಆಸ್ಪತ್ರೆಗೆ ಬರಲು ಕಾಲ ಹಿಡಿದೀತು. ಆದರೆ ಸಕ್ಕರೆ ಕಾಯಿಲೆಯಿರುವ ಹೆಣ್ಣುಮಕ್ಕಳು ಮಗು ಬೇಕೆಂದುಕೊಂಡಾಗಲೇ ವೈದ್ಯರನ್ನು ಕಂಡು ಅದನ್ನು ಹತೋಟಿಗೆ ತರಲು ಕಾಯಬೇಕಿಲ್ಲ. ಐದನೆಯ ತಿಂಗಳ ಸ್ಕ್ಯಾನಿಂಗ್ ಬೇಕೇ ಬೇಕು. ಹೃದಯದ ಆರೈಕೆ ಮಾತ್ರ ಅದಕ್ಕೂ ಮೊದಲೇ ಶುರುವಾಗಬೇಕು.